ಪಂಪಿನ ಕೀಲಿ ಮತ್ತು ಅಥೆನ್ಸಿನ ಗಡಿಗೆ

ತಳೇಗಾಂವ ದಾಭಾಡೆ
9 ಫೆಬ್ರುವರಿ 2025

ಪೂಜ್ಯ ರಂಜನಾ ಮೇಡಂ ಅವರಿಗೆ,

ನಿಮ್ಮ ಹಳೆಯ ವಿದ್ಯಾರ್ಥಿ ಸಿದ್ದಾರೂಢನ ನಮಸ್ಕಾರಗಳು. ನಾವೆಲ್ಲ ಕ್ಷೇಮ, ನಳ ಮಾತ್ರ ಕ್ಷೇಮವಿಲ್ಲ. ನಿಮಗೆ ಫೋನಿನಲ್ಲಿ ಸರಿಯಾಗಿ ಕೇಳಿಸುವುದಿಲ್ಲ ಎಂಬುದು ಹೋದ ದೀಪಾವಳಿಗೆ ತಿಳಿಯಿತು. ಗದಗಿನ ತನಕ ಕೇಳಿಸುವಂತೆ ನಾನು ಕೂಗಿದ್ದಕ್ಕೆ ಪಕ್ಕದ ಮನೆಯವರು ಬಾಗಿಲು ತೆರೆದು ಬಂದರೇ ಹೊರತು ನೀವು ಮಾತಾಡಲಿಲ್ಲ. ಆದ್ದರಿಂದ ಇನ್ನು ಮೇಲೆ ಕಾಗದ.

ನಾನು ಈಗಲೂ ಚಾಕಣದಲ್ಲಿ, ಗೇರಿನ ಬಿಡಿಭಾಗ ಮಾಡುವ ಕಾರ್ಖಾನೆಯ ಸ್ಟೋರ್ಸಿನಲ್ಲಿದ್ದೇನೆ. ಕನ್ನಡ ಮಾಧ್ಯಮದ ಬಿ.ಎ. ಎಂಬುದನ್ನು ಇಲ್ಲಿ ಯಾರಾದರೂ ಕೇಳಿದರೆ ಇಂಗ್ಲಿಷಿನಲ್ಲಿ ಹೇಳುತ್ತೇನೆ. ಎರಡು ವರ್ಷದ ಹಿಂದೆ ತಳೇಗಾಂವದಲ್ಲಿ ಮನೆಯಾಯಿತು. ಕಟ್ಟಡದ ಹೆಸರು ಪುಷ್ಪಾಂಗಣ. ಹೂವೂ ಇಲ್ಲ, ಅಂಗಳವೂ ಇಲ್ಲ. ನಲವತ್ತು ಮನೆ, ಎರಡು ಲಿಫ್ಟು, ಒಂದು ಬೋರ್‌ವೆಲ್ಲು ಇವೆ. ಬೋರಿನ ನೀರು ಸಂಕ್ರಾಂತಿಗೇ ತಳ ಕಂಡಿತು. ಅಂದಿನಿಂದ

ಟ್ಯಾಂಕರ್ ಬಂದರೆ ಹಬ್ಬ,
ಬಾರದ ದಿನ ಗಬ್ಬ.

ಬಿಲ್ಡರ್ ಈಗ ಕಟ್ಟಡವನ್ನು ನಮ್ಮ ಕೈಗೆ ಒಪ್ಪಿಸಿ ಕೈತೊಳೆದುಕೊಂಡಿದ್ದಾನೆ (ಅವನಿಗೆ ನೀರು ಎಲ್ಲಿ ಸಿಕ್ಕಿತೋ). ಸೊಸೈಟಿ ನೋಂದಣಿಯಾಗಿದೆ, ಚೇರ್ಮನ್ ಬೇಕು. ಇಷ್ಟು ದಿನ ಟ್ಯಾಂಕರಿಗೆ ಫೋನ್ ಮಾಡುವುದು, ಲಿಫ್ಟಿನವನನ್ನು ಬೈಯುವುದು, ಪಂಪು ಹಚ್ಚಿ ಯಾವ ಮಹಡಿಗೆ ಎಷ್ಟು ನೀರು ಬಿಡಬೇಕೆಂದು ವಾಲ್ವು ತಿರುಗಿಸುವುದು ಎಲ್ಲವನ್ನೂ ಪಗಾರವಿಲ್ಲದೆ ಮಾಡಿದವನು ನಾನು. ಪಂಪ್ ರೂಮಿನ ಕೀಲಿ ನನ್ನ ಜೇಬಿನಲ್ಲೇ ಇರುತ್ತದೆ. ಹೀಗಾಗಿ ನಮ್ಮ ಬಿ ವಿಂಗಿನವರೆಲ್ಲ 'ಸಿದ್ದುಭಾವು, ನೀವೇ ನಿಲ್ಲಿ' ಅನ್ನುತ್ತಿದ್ದಾರೆ. ಎ ವಿಂಗಿನಿಂದ ಮಧುಕರ್ ಅಂತ ಸಾತಾರಾ ಕಡೆಯವರು, ಟೈಲ್ಸ್ ಅಂಗಡಿಯ ಮಾಲೀಕರು, ನಿಲ್ಲುತ್ತಾರೆ. ಲೆಕ್ಕ ಹಾಕಿ ನೋಡಿದೆ. ಗೆಲ್ಲುವುದು ನಾನೇ. ಆದರೆ ಗೆದ್ದ ಮರುದಿನ ಎ ವಿಂಗಿನವರು ನನಗೆ ನಮಸ್ಕಾರ ಮಾಡುವುದಿಲ್ಲ. ಈಗಾಗಲೇ ವಾಟ್ಸಾಪ್ ಗುಂಪು ಒಡೆದು ಎರಡಾಗಿದೆ. ಎರಡೂ ಗುಂಪಿನಲ್ಲಿ ಬೆಳಿಗ್ಗೆ ಒಂದೇ ಗುಲಾಬಿ ಹೂವಿನ ಚಿತ್ರ ಬರುತ್ತದೆ, ದ್ವೇಷ ಬೇರೆ ಬೇರೆ.

ಆಗ ನಿಮ್ಮ ಹಿತ್ತಾಳೆ ತಂಬಿಗೆ ನೆನಪಾಯಿತು. ಬಿ.ಎ. ಎರಡನೇ ವರ್ಷ. ಪ್ರತಿ ಸೋಮವಾರ ಎಲ್ಲರ ಹೆಸರನ್ನೂ ಚೀಟಿ ಬರೆದು ಹಾಕಿ, ಒಂದನ್ನು ಎತ್ತಿ, ಆ ಹುಡುಗನನ್ನೋ ಹುಡುಗಿಯನ್ನೋ ವಾರದ ಮಟ್ಟಿಗೆ ವರ್ಗದ ಅಧ್ಯಕ್ಷ ಮಾಡುತ್ತಿದ್ದಿರಿ. 'ಅಥೆನ್ಸಿನವರು ಹೀಂಗ ಆಳಿದ್ರು. ದೊಡ್ಡವರನ್ನ ಆರಿಸೂದಲ್ಲ, ಯಾರ ಹೆಸರು ಬಂದರೂ ದೊಡ್ಡವರಾಗಬೇಕು' ಅಂದಿರಿ. ಹಿಂದಿನ ಬೆಂಚಿನಲ್ಲಿ ನಾವು ನಕ್ಕೆವು. ಮುಂದಿನ ಸೋಮವಾರ ನನ್ನ ಹೆಸರೇ ಬಂತು, ನಗು ಹೋಯಿತು.

ಇಲ್ಲೂ ಹಾಗೆ ಮಾಡಿದರೆ ಹೇಗೆ ಮೇಡಂ? ಕಾಯದೆಗೆ ಅವಿರೋಧ ಆಯ್ಕೆ, ಒಳಗೆ ಗಡಿಗೆಯ ಆಯ್ಕೆ. ಮಂದಿ ಹುಚ್ಚನೆಂದಾರೇ?

ನಿಮ್ಮ
ಸಿದ್ದಾರೂಢ

•

ಗದಗ
17 ಫೆಬ್ರುವರಿ 2025

ಚಿರಂಜೀವಿ ಸಿದ್ದಾರೂಢನಿಗೆ ಆಶೀರ್ವಾದಗಳು.

ಕಾಗದ ಮುಟ್ಟಿತು. ಉತ್ತರಪತ್ರಿಕೆಯಲ್ಲಿ ಪ್ರಾಸ ಹಾಕಿ ಅಂಕ ಕಳೆದುಕೊಂಡ ವಿದ್ಯಾರ್ಥಿ ನನ್ನ ಮೂವತ್ತು ವರ್ಷದಲ್ಲಿ ನೀನೊಬ್ಬನೇ. ಚಟ ಬಿಟ್ಟಿಲ್ಲ ಅಂತ ಕಾಣುತ್ತದೆ.

ಹುಚ್ಚನೆನ್ನುತ್ತಾರೆ. ಎನ್ನಲಿ. ಅಥೆನ್ಸಿನಲ್ಲೂ ಅಂದರು. ನಾನು ಪಾಠದಲ್ಲಿ ಗುರು, ಶಿಷ್ಯ, ಮರಿಶಿಷ್ಯ ಎಂದು ಮೂವರನ್ನು ಕರೆಯುತ್ತಿದ್ದೆ, ನೆನಪಿದೆಯೇ? ನಿಮಗೆ ಆ ಗ್ರೀಕ್ ಹೆಸರುಗಳ ಕಾಗುಣಿತ ಬರುತ್ತಿರಲಿಲ್ಲ, ಅದಕ್ಕೆ. ಅವರಲ್ಲಿ ಗುರು, ಅಂದರೆ ಸಾಕ್ರೆಟಿಸ್, ಈ ಚೀಟಿ ಪದ್ಧತಿಯನ್ನು ಕಂಡು ನಗುತ್ತಿದ್ದ. ಹಡಗು ನಡೆಸುವವನನ್ನು ಯಾರೂ ಕಾಳು ಎತ್ತಿ (ಅಲ್ಲಿ ಚೀಟಿಯ ಬದಲು ಕಾಳು) ಆರಿಸುವುದಿಲ್ಲ, ಊರು ನಡೆಸುವವನನ್ನು ಮಾತ್ರ ಆರಿಸುತ್ತೀರಿ, ಇದೆಂಥ ಬುದ್ಧಿ ಎಂದು. ಶಿಷ್ಯನಂತೂ, ತಿಳಿದವರೇ ಆಳಬೇಕು, ಆಳಲು ಅವರಿಗೆ ಮನಸ್ಸಿಲ್ಲದಿದ್ದರೂ ಎಳೆದು ತಂದು ಕೂರಿಸಬೇಕು ಅಂದ. ಮರಿಶಿಷ್ಯ ಮಾತ್ರ ಸ್ವಲ್ಪ ನೆಲದ ಮೇಲೆ ನಡೆಯುವವನು. ಸರದಿಯಂತೆ ಆಳುವುದೂ ಆಳಿಸಿಕೊಳ್ಳುವುದೂ ಎರಡೂ ಬಂದವನೇ ನಾಗರಿಕ ಅಂದ.

ಮೂವರನ್ನೂ ನಾನು ಮೆಚ್ಚುತ್ತೇನೆ. ಆದರೆ ಆ ಊರಿನ ಸಾಮಾನ್ಯ ಮಂದಿಯನ್ನು ಇನ್ನೂ ಹೆಚ್ಚು ಮೆಚ್ಚುತ್ತೇನೆ. ಚಮ್ಮಾರ, ಕುಂಬಾರ, ಎಣ್ಣೆ ಮಾರುವವ, ನಾಳೆ ತನ್ನ ಹೆಸರು ಬರಬಹುದು ಎಂದು ಇಂದೇ ಊರಿನ ಚಿಂತೆ ಮಾಡುತ್ತಿದ್ದರಲ್ಲ, ಅದು ಯಾವ ತತ್ವಜ್ಞಾನಕ್ಕೂ ಕಡಿಮೆಯಲ್ಲ.

ನಿನಗೆ ಒಂದು ಮಾತು. ಸೋಲುವವನು ಗಡಿಗೆ ತಂದರೆ ಅದು ಜಾಣತನ. ಗೆಲ್ಲುವವನು ತಂದರೆ ಮಾತ್ರ ಅದಕ್ಕೆ ಬೆಲೆ. ಗೆಲ್ಲುತ್ತೇನೆ ಅಂತ ಬರೆದಿದ್ದೀ. ಬಿಡಬಲ್ಲೆಯಾ?

ರಂಜನಾ ಅಂಗಡಿ

•

ತಳೇಗಾಂವ ದಾಭಾಡೆ
3 ಮಾರ್ಚ್ 2025

ಪೂಜ್ಯ ಮೇಡಂ,

ಬಿಟ್ಟೆ!

ನಿನ್ನೆ ಭಾನುವಾರ ಪಾರ್ಕಿಂಗಿನಲ್ಲಿ ಎಲ್ಲರನ್ನೂ ಸೇರಿಸಿ, ನಾನು ನಿಲ್ಲುವುದಿಲ್ಲ, ಮಧುಕರ್ ಅವರೂ ನಿಲ್ಲುವುದು ಬೇಡ, ಗಡಿಗೆಗೆ ಬಿಡೋಣ ಎಂದೆ. ಮೊದಲು ಎಲ್ಲರೂ ನನ್ನ ಹಣೆ ಮುಟ್ಟಿ ನೋಡುವಂತೆ ನೋಡಿದರು. ನಾನು ಅಥೆನ್ಸಿನ ಕಥೆ ಮರಾಠಿಯಲ್ಲಿ ಹೇಳಿದೆ. ಐದು ನೂರು ಮಂದಿಯ ಸಭೆ, ಕಲ್ಲಿನ ಫಲಕ, ಅದರಲ್ಲಿ ಸಾಲು ಸಾಲು ಸೀಳು, ಸೀಳಿನಲ್ಲಿ ಹೆಸರು ಕೊರೆದ ಕಂಚಿನ ಬಿಲ್ಲೆ, ಬಿಳಿ ಗುಂಡು ಬಿದ್ದರೆ ಅಧಿಕಾರ, ಕರಿ ಗುಂಡು ಬಿದ್ದರೆ ಮನೆಗೆ. ನಿಮ್ಮ ಪಾಠ ಇಪ್ಪತ್ತೈದು ವರ್ಷದ ಮೇಲೂ ನೀರಿನಂತೆ ಹರಿಯಿತು, ನಮ್ಮಲ್ಲಿ ಹರಿದ ಏಕೈಕ ನೀರು. ಕೊನೆಗೆ ಒಂದು ಪ್ರಾಸ ಬಿಟ್ಟೆ:

ಗಡಿಗೆಗೆ ಗೊತ್ತಿಲ್ಲ ಗುಂಪು,
ಅದರೊಳಗೆಲ್ಲ ಬರೀ ತಂಪು.

ಮರಾಠಿಯಲ್ಲಿ ಪ್ರಾಸ ಕೂಡಲಿಲ್ಲ, ಆದರೂ ಚಪ್ಪಾಳೆ ಬಿತ್ತು. ಮಧುಕರ್ ಅವರಿಗೆ ತಾವು ಸೋಲುವುದು ಗೊತ್ತಿತ್ತು, ಆದ್ದರಿಂದ ಎಲ್ಲರಿಗಿಂತ ಮೊದಲು ಅವರೇ ಒಪ್ಪಿದರು. ಲೆಕ್ಕಪತ್ರ ನೋಡಿಕೊಳ್ಳುವ ಪ್ರೇಮಕುಮಾರ ಬಿಲ್ಡರನ ರಿಜಿಸ್ಟರ್ ನೋಡಿ ಚೀಟಿ ಬರೆದುಕೊಂಡು ಬಂದ. ತಳಮಹಡಿಯ ಅಜ್ಜಿ ಕಣ್ಣು ಮುಚ್ಚಿ ಗಡಿಗೆಯಲ್ಲಿ ಕೈ ಹಾಕಿದರು. ಬಿಚ್ಚಿದರೆ ಬಿ-204. ನಮ್ಮ ಮನೆ!

ಮಧುಕರ್ ಓಡಿ ಬಂದು ನನ್ನನ್ನು ಅಪ್ಪಿಕೊಂಡು 'ಅಭಿನಂದನ ಚೇರ್ಮನ್ ಸಾಹೇಬ! ಪೇಢೆ ಕುಠೆ?' ಅಂದರು. ಪೇಡೆ ಎಲ್ಲಿ ಅಂತ. ತರಿಸಿದೆ. ಮೇಡಂ, ಬಿಟ್ಟದ್ದು ತಾನಾಗಿ ಹಿಂದಿರುಗಿ ಬಂದಾಗ ಆಗುವ ಸಂತೋಷ ಗೆದ್ದಾಗ ಆಗುವುದಿಲ್ಲ. ಎ ವಿಂಗಿನವರೂ ನಮಸ್ಕಾರ ಮಾಡುತ್ತಿದ್ದಾರೆ.

ಸಹಿ ಗಿಹಿ ಕೆಲಸವನ್ನು ನನ್ನ ಹೆಂಡತಿ ನೀತಾಗೆ ಬಿಟ್ಟಿದ್ದೇನೆ. ಆಕೆ ಇಲ್ಲಿಯ ಒಂದು ಶಾಲೆಯ ಆಫೀಸಿನಲ್ಲಿದ್ದಾಳೆ, ಅಕ್ಷರ ದುಂಡಗೆ. ಉಳಿದದ್ದು ನಾನು.

ಮೊದಲ ಕಾನೂನೂ ಸಿದ್ಧವಾಗಿದೆ. ಮೇಲಿನ ಮಹಡಿಯಲ್ಲಿ ಇಂಪನಾ ಅಂತ ಮಂಡ್ಯದ ಹುಡುಗಿ, ಇನ್ನೂ ಮೂವರ ಜೊತೆ ಬಾಡಿಗೆಗಿದ್ದಾಳೆ. ಚಾಕಣದ ಕಾರು ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸ. ಕೆಲಸ ಮುಗಿಸಿ ಬರುವ ಹೊತ್ತಿಗೆ ನೀರು ನಿಂತಿರುತ್ತದೆ. ಮೊನ್ನೆ ಲಿಫ್ಟಿನಲ್ಲಿ ಹಿಡಿದು, 'ಅಂಕಲ್, ಪ್ಲೀಸ್, ನಮ್ಗೆ ಈವ್ನಿಂಗ್ ಒಂದರ್ಧ ಗಂಟೆ ಬಿಡ್ಸಿ. ನಾವೂ ರೆಂಟ್ ಕೊಡ್ತೀವಲ್ವಾ?' ಅಂದಳು. ಆದರೆ ಟ್ಯಾಂಕರಿನ ನೀರು ಮೊದಲು ಮಾಲೀಕರಿಗೆ, ಉಳಿದರೆ ಬಾಡಿಗೆಯವರಿಗೆ ಎಂದು ಮಧುಕರ್ ಮತ್ತು ನಾನು ಮಾತಾಡಿಕೊಂಡಿದ್ದೇವೆ. ಎರಡೂ ವಿಂಗು ಒಂದಾಗಬೇಕಾದರೆ ಒಂದು ಒಪ್ಪಂದ ಬೇಕಲ್ಲ. ಅಥೆನ್ಸಿನಲ್ಲೂ ಹೊರಗಿನಿಂದ ಬಂದು ನೆಲೆಸಿದವರಿಗೆ ಮತವಿರಲಿಲ್ಲ ಎಂದು ನೀವೇ ಹೇಳಿದ್ದಿರಿ. ಏಪ್ರಿಲ್ 20ಕ್ಕೆ ಮೊದಲ ಸಭೆ. ಅಲ್ಲಿ ಪಾಸು ಮಾಡುತ್ತೇವೆ.

ಆಳುವವನಿಗೆ ನಿಮ್ಮ ಉಪದೇಶ ಬರೆಯಿರಿ.

ನಿಮ್ಮ
ಸಿದ್ದಾರೂಢ

•

ಗದಗ
12 ಮಾರ್ಚ್ 2025

ಚಿರಂಜೀವಿ ಸಿದ್ದಾರೂಢನಿಗೆ,

ನಿನ್ನ ಕಾಗದವನ್ನು ಪಕ್ಕದ ಮನೆಯವರಿಗೆ ಓದಿ ಹೇಳಿದೆ. ಅವರಿಗೆ ಅಥೆನ್ಸ್ ಎಲ್ಲಿದೆ ಗೊತ್ತಿಲ್ಲ. ನನ್ನ ಹುಡುಗ ಚೇರ್ಮನ್ ಆದ ಎಂಬುದಷ್ಟೇ ತಿಳಿಯಿತು, ಸಕ್ಕರೆ ಹಂಚಿದೆ. ಗೆಲ್ಲುವವನು ಬಿಟ್ಟುಕೊಟ್ಟ, ಗಡಿಗೆ ಅವನಿಗೇ ತಿರುಗಿ ಕೊಟ್ಟಿತು. ನಾನು ವರ್ಗದಲ್ಲಿ ಕಟ್ಟಿ ಹೇಳಿದ್ದರೆ ನೀವು ನಂಬುತ್ತಿರಲಿಲ್ಲ.

ಉಪದೇಶ ಕೇಳಿದ್ದೀ. ಒಂದು ಕಥೆ ಹೇಳುತ್ತೇನೆ. ಚೀಟಿಯನ್ನು ನೋಡಿ ನಗುತ್ತಿದ್ದ ಆ ಗುರುವಿಗೂ ಒಂದು ಸಲ ಚೀಟಿ ಬಂತು. ಅಥೆನ್ಸಿನಲ್ಲಿ ಸಭೆಯ ಅಧ್ಯಕ್ಷತೆ ಒಬ್ಬನಿಗೆ ಒಂದೇ ದಿನ. ಆ ದಿನದ ಮಟ್ಟಿಗೆ ಊರಿನ ಮುದ್ರೆಯೂ ಖಜಾನೆಯ ಕೀಲಿಯೂ ಅವನ ಕೈಯಲ್ಲಿ. ಸಾಕ್ರೆಟಿಸ್ ಕೂತ ದಿನ ಜನ ಸಿಟ್ಟಿನಲ್ಲಿದ್ದರು. ಕಡಲ ಯುದ್ಧ ಗೆದ್ದು ಬಂದ ಸೇನಾಪತಿಗಳು ಮುಳುಗುತ್ತಿದ್ದ ತಮ್ಮವರನ್ನು ಎತ್ತಿಕೊಳ್ಳದೆ ಬಂದರೆಂದು ಅವರನ್ನೆಲ್ಲ ಒಟ್ಟಿಗೇ ಕೊಲ್ಲಿಸಲು ಹೊರಟಿದ್ದರು. ಒಬ್ಬೊಬ್ಬನನ್ನೂ ಬೇರೆ ಬೇರೆ ವಿಚಾರಿಸಬೇಕೆಂಬುದು ಕಾಯದೆ. ಗದ್ದಲ, ಬೆದರಿಕೆ. ಕೂತವನು ಏಳಲಿಲ್ಲ. 'ಕಾಯದೆಯಲ್ಲಿ ಇಲ್ಲದ್ದನ್ನು ನಾನು ಮತಕ್ಕೆ ಹಾಕುವುದಿಲ್ಲ' ಅಂದ. ಮರುದಿನ ಬೇರೊಬ್ಬ ಕೂತ, ಕೊಂದರು. ಆಮೇಲೆ ಅದೇ ಜನ ಪಶ್ಚಾತ್ತಾಪ ಪಟ್ಟರು. ಆ ಒಂದು ದಿನದ ಖುರ್ಚಿಯನ್ನು ನಾನು ಅವನ ವಿಷದ ಬಟ್ಟಲಿಗಿಂತ ಹೆಚ್ಚು ಗೌರವಿಸುತ್ತೇನೆ.

ನಿನ್ನ ನೀರಿನ ಕಾನೂನು ನನಗೆ ಸೇರಲಿಲ್ಲ. ಅಥೆನ್ಸನ್ನು ಮೆಚ್ಚಬೇಕು, ಅದರ ಹುಣ್ಣನ್ನಲ್ಲ.

ಚೀಟಿ ಬಂದವನನ್ನು ಖುರ್ಚಿಗೆ ಕೂರಿಸುವ ಮೊದಲು ಅಲ್ಲಿ ಪ್ರಶ್ನೆ ಕೇಳುತ್ತಿದ್ದರು. ಯಾರ ಮಗ? ತಂದೆತಾಯಿಯನ್ನು ಸರಿಯಾಗಿ ನೋಡಿಕೊಂಡಿದ್ದೀಯಾ? ಕೊಡಬೇಕಾದ ತೆರಿಗೆ ಕೊಟ್ಟಿದ್ದೀಯಾ? ಇವನ ಮೇಲೆ ಯಾರಿಗಾದರೂ ದೂರಿದೆಯೇ? ನಿನ್ನ ಸಭೆಯಲ್ಲೂ ಕೇಳಿಸು. ಉತ್ತರ ಕೊಡುವಾಗ ಪ್ರಾಸ ಬೇಡ.

ಲಕೋಟೆಯ ಮೇಲೆ ಈ ಸಲ ನಿನ್ನ ಹೆಸರು ಬರೆದಿಲ್ಲ. 'ಚೇರ್ಮನ್, ಪುಷ್ಪಾಂಗಣ ಸೊಸೈಟಿ' ಎಂದಷ್ಟೇ ಬರೆದಿದ್ದೇನೆ. ಬರೆಯುವಾಗ ನನಗೇ ಹೆಮ್ಮೆ ಎನಿಸಿತು.

ರಂಜನಾ ಅಂಗಡಿ

•

ತಳೇಗಾಂವ
19 ಮಾರ್ಚ್ 2025

ಮೇಡಂ ಅವರಿಗೆ ನೀತಾಳ ನಮಸ್ಕಾರಗಳು.

ನಾವು ಭೆಟ್ಟಿ ಆಗಿಲ್ಲ. ನಾನು ಸಿದ್ದಾರೂಢ ಅವರ ಮನೆಯವಳು, ನಿಪ್ಪಾಣಿ ಕಡೆಯವಳು. ನಿಮ್ಮ ಲಕೋಟೆ ನಾನೇ ಒಡೆದೆ. ತಪ್ಪು ತಿಳಿಯಬ್ಯಾಡ್ರಿ. ಮೇಲೆ 'ಚೇರ್ಮನ್' ಅಂತ ಇತ್ತು, ಚೇರ್ಮನ್ ನಾನೇ ಇದ್ದೇನ್ರಿ.

ಅವರು ನಿಮಗೆ ಏನು ಬರೆದಾರೋ ಗೊತ್ತಿಲ್ಲ. ನಿಮ್ಮ ಕಾಗದ ಓದಿದ ಮೇಲೆ ಏನು ಬರೆದಿಲ್ಲ ಅನ್ನೋದು ತಿಳೀತು. ನಡೆದದ್ದು ಇಷ್ಟು. ಇಲ್ಲಿ ಹೆಂಗಸರ ಹೆಸರಿನಲ್ಲಿ ಮನೆ ತಗೊಂಡರೆ ಸ್ಟ್ಯಾಂಪ್ ಡ್ಯೂಟಿ ಒಂದು ಪರ್ಸೆಂಟ್ ಕಡಿಮೆ. ಹಾಗಾಗಿ ಪುಷ್ಪಾಂಗಣದ ಗಂಡಸರು ಬಹಳಷ್ಟು ಮಂದಿ ಮನೆ ಹೆಂಡತಿಯ ಹೆಸರಿಗೆ ಮಾಡಿಸಿದಾರೆ. ಮಾಡಿಸಿ ಮರೆತೂ ಬಿಟ್ಟಿದಾರೆ. ಚೀಟಿ ಬರೆದದ್ದು ರಿಜಿಸ್ಟರ್ ನೋಡಿ. ಗಡಿಗೆ ತುಂಬ ಹೆಂಗಸರ ಹೆಸರೇ! ನಮ್ಮವರು ಅಷ್ಟು ದೊಡ್ಡ ಭಾಷಣ ಮಾಡಿ ತಂದ ಗಡಿಗೆಯೊಳಗೆ ಅವರ ಹೆಸರೇ ಇರಲಿಲ್ಲರಿ. ಅಜ್ಜಿ ಎತ್ತಿದ ಚೀಟಿ ಮೇಲೆ ಇದ್ದದ್ದು ನನ್ನ ಹೆಸರು.

ಪ್ರೇಮಕುಮಾರ ನನ್ನ ಹೆಸರು ಜೋರಾಗಿಯೇ ಓದಿದ. ಎಲ್ಲರೂ ಕೇಳಿಸಿಕೊಂಡು ಹೋಗಿ ಇವರ ಕೈ ಕುಲುಕಿದರು. ಇವರೂ ಕುಲುಕಿಸಿಕೊಂಡರು. ನಾನು ಪೇಡೆ ಹಂಚಿದೆ. ಮನೆಗೆ ಬಂದ ಮೇಲೆ 'ನೀ ಸಹಿ ಅಷ್ಟ ಮಾಡು, ತ್ರಾಸು ತಗೋಬ್ಯಾಡ' ಅಂದರು. ಪ್ರೀತಿಯಿಂದಲೇ ಅಂದರು, ಸುಳ್ಳು ಹೇಳಬಾರದು. ಹಳ್ಳಿ ಕಡೆ ಸರಪಂಚ ಹೆಂಡತಿ, ಆಳುವವನು ಗಂಡ ಇರತಾನಲ್ಲರಿ, ಆ ಥರ.

ನಿಮ್ಮ ಪ್ರಶ್ನೆಗಳನ್ನ ನನಗೆ ನಾನೇ ಕೇಳಿಕೊಂಡೆ. ಎಲ್ಲದಕ್ಕೂ ಉತ್ತರ ಇದೆ. ಆದರೆ ಏಪ್ರಿಲ್ ಇಪ್ಪತ್ತನೇ ತಾರೀಖಿನ ಸಭೆಯಲ್ಲಿ ಇವರೂ ಮಧುಕರ್ ಅವರೂ ಆ ನೀರಿನ ಠರಾವು ತರತಾರೆ, ನಾನು ಸಹಿ ಹಾಕಬೇಕು. ಇಂಪನಾ ಮತ್ತು ಅವಳ ಗೆಳತಿಯರು ಈಗ ಫ್ಯಾಕ್ಟರಿಯಿಂದ ಕ್ಯಾನಿನಲ್ಲಿ ನೀರು ತರತಾ ಇದಾರೆ. ಬಸ್ಸಿನಲ್ಲಿ ಕ್ಯಾನು ಇಟ್ಟುಕೊಂಡು ಬರೋದನ್ನ ನೋಡಿದೆ. ಸಹಿ ಹಾಕಲು ಮನಸ್ಸಿಲ್ಲ. ಅಷ್ಟು ಮಂದಿಯ ಮುಂದೆ ಇಲ್ಲ ಅನ್ನಲು ಧೈರ್ಯವೂ ಇಲ್ಲ.

ಒಂದು ಕೇಳಲಾ? ನಿಮ್ಮ ಅಥೆನ್ಸಿನ ಗಡಿಗೆಯಲ್ಲಿ ಹೆಂಗಸರ ಹೆಸರು ಬಂದಿದ್ದರೆ ಏನು ಮಾಡತಿದ್ದರು?

ಇಂತಿ,
ನೀತಾ

ಅವರಿಗೆ ಈ ಕಾಗದ ತೋರಿಸಿಯೇ ಹಾಕುತ್ತಿದ್ದೇನೆ. ಓದಿದರು. 'ಪೋಸ್ಟ್ ಡಬ್ಬಿಗೆ ನಾನ ಹಾಕತೀನಿ, ಕೊಡು' ಅಂದರು. ನಾನೇ ಹೋಗಿ ಹಾಕುತ್ತೇನೆ.

•

ಗದಗ
28 ಮಾರ್ಚ್ 2025

ಚಿರಂಜೀವಿ ಸೌಭಾಗ್ಯವತಿ ನೀತಾಳಿಗೆ,

ನಿನ್ನ ಪ್ರಶ್ನೆಗೆ ಉತ್ತರ: ಬರುವುದಕ್ಕೇ ಬಿಡುತ್ತಿರಲಿಲ್ಲ. ಅಥೆನ್ಸಿನ ಗಡಿಗೆಗೆ ಒಬ್ಬ ಹೆಂಗಸಿನ ಹೆಸರೂ ಎಂದೂ ಬೀಳಲಿಲ್ಲ. ಶಿಷ್ಯನೇನೋ, ಬುದ್ಧಿಯಿದ್ದರೆ ಹೆಂಗಸೂ ಆಳಬಹುದೆಂದು ತನ್ನ ಕಲ್ಪನೆಯ ಊರಿನಲ್ಲಿ ಜಾಗ ಕೊಟ್ಟ. ಕಲ್ಪನೆಯಲ್ಲಿ ಜಾಗಕ್ಕೆ ಬರವಿಲ್ಲ. ಮರಿಶಿಷ್ಯ ಅದನ್ನೂ ಕಿತ್ತುಕೊಂಡ, ಹೆಂಗಸಿಗೆ ವಿವೇಚನೆ ಉಂಟು, ಅಧಿಕಾರ ಇಲ್ಲ ಅಂದ. ಅವನ ವಿಚಾರಗಳನ್ನು ಮೂವತ್ತು ವರ್ಷ ಪ್ರೀತಿಯಿಂದ ಕಲಿಸಿದ್ದೇನೆ. ಆ ಒಂದು ಪುಟ ಬಂದಾಗ ಮಾತ್ರ ಬೇಗ ಬೇಗ ಓದಿಬಿಡುತ್ತಿದ್ದೆ.

ಹಾಗೆ ನೋಡಿದರೆ ತಳೇಗಾಂವದ ಗಡಿಗೆ ಅಥೆನ್ಸಿನದಕ್ಕಿಂತ ದೊಡ್ಡದು. ಅದು ದೊಡ್ಡದಾದದ್ದು ಒಂದು ಪರ್ಸೆಂಟಿನ ಆಸೆಗೆ ಇರಬಹುದು. ಇರಲಿ. ಒಳ್ಳೆಯದೆಲ್ಲ ಒಳ್ಳೆಯ ಕಾರಣಕ್ಕೇ ಹುಟ್ಟಬೇಕೆಂದು ಹಟ ಹಿಡಿದರೆ ಯಾವ ರಾಜ್ಯವೂ ಹುಟ್ಟುವುದಿಲ್ಲ.

ನಾನೂ ಒಂದು ಖುರ್ಚಿಯಲ್ಲಿ ಕೂತಿದ್ದೆ. 'ವಿಭಾಗದ ಮುಖ್ಯಸ್ಥೆ' ಎಂದು ಬಾಗಿಲ ಮೇಲೆ ಹೆಸರು. ಕಪಾಟಿನ ಕೀಲಿ ಮಾತ್ರ ಸಂಸ್ಥೆಯ ಕಾರ್ಯದರ್ಶಿಯ ತಮ್ಮನ ಜೇಬಿನಲ್ಲಿ. ನಕಾಶೆ ಬೇಕಾದರೂ ಅವನನ್ನು ಕೇಳಬೇಕು. ನಿವೃತ್ತಿಯಾಗುವ ತನಕ ಕೇಳುತ್ತಲೇ ಇದ್ದೆ. ಆ ಹಿತ್ತಾಳೆ ತಂಬಿಗೆ ನನ್ನ ಮನೆಯದು, ಅದಕ್ಕೆ ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. ಆದ್ದರಿಂದ ವಾರಕ್ಕೊಮ್ಮೆ ಅದನ್ನು ತರುತ್ತಿದ್ದೆ. ಇದನ್ನು ನಿನ್ನ ಗಂಡನಿಗೆ ಎಂದೂ ಹೇಳಿಲ್ಲ. ಅವನು ಅದನ್ನು ಬರೀ ಪಾಠ ಅಂದುಕೊಂಡಿದ್ದಾನೆ.

ಧೈರ್ಯಕ್ಕೆ ಒಂದು ಉಪಾಯ. ಅಥೆನ್ಸಿನ ನ್ಯಾಯಾಲಯದಲ್ಲಿ ಮಾತಾಡುವವನಿಗೆ ನೀರಿನ ಅಳತೆ ಇತ್ತು. ತಳದಲ್ಲಿ ತೂತಿರುವ ಗಡಿಗೆ. ನೀರು ಸೋರಿ ಮುಗಿಯಿತೆಂದರೆ ಮಾತೂ ಮುಗಿಯಿತು, ಅವನು ಎಷ್ಟು ದೊಡ್ಡವನಾದರೂ. ಗಂಡಸರ ಸಭೆಯಲ್ಲಿ ಹೆಂಗಸಿಗೆ ಬೇಕಾದದ್ದು ದೊಡ್ಡ ಧ್ವನಿಯಲ್ಲ, ಸಣ್ಣ ತೂತು.

ನಿನ್ನವಳೇ,
ರಂಜನಾ ಅಂಗಡಿ

(ಇದೇ ಲಕೋಟೆಯಲ್ಲಿ ಇನ್ನೊಂದು ಚೂರು ಕಾಗದ)

ಸಿದ್ದಾರೂಢ,

ಸಕ್ಕರೆ ಹಂಚಿ ಆಗಿದೆ. ಪಕ್ಕದವರಿಂದ ವಾಪಸು ಕೇಳಲಾರೆ.

ಬಾಡಿಗೆಯವರು ಹೊರಗಿನವರು ಅಂತ ಬರೆದಿದ್ದೀ. ರಿಜಿಸ್ಟರಿನಲ್ಲಿ ಹೆಸರಿಲ್ಲದ ನೀನು ಯಾರು? ಎರಡನೆಯ ಪ್ರಶ್ನೆ: ಪಂಪಿನ ಕೀಲಿ ಈಗ ಯಾರ ಹತ್ತಿರ ಇದೆ?

ರಂ.

•

ತಳೇಗಾಂವ ದಾಭಾಡೆ
27 ಏಪ್ರಿಲ್ 2025

ಪೂಜ್ಯ ಮೇಡಂ,

ಒಂದು ತಿಂಗಳು ಬರೆಯಲಿಲ್ಲ. ಕೆಲಸ ಹೆಚ್ಚಿತ್ತು ಎಂದು ಬರೆಯಬಹುದಿತ್ತು. ನೀತಾ ಬಾಗಿಲಲ್ಲಿ ನಿಂತಿದ್ದಾಳೆ, ಆದ್ದರಿಂದ ನಿಜ ಬರೆಯುತ್ತೇನೆ. ನಾಚಿಕೆಯಾಗಿತ್ತು. ಸಿಟ್ಟೂ ಬಂದಿತ್ತು, ಯಾರ ಮೇಲೆ ಅಂತ ಗೊತ್ತಾಗದ್ದರಿಂದ ಲಿಫ್ಟಿನವನ ಮೇಲೆ ತೀರಿಸಿಕೊಂಡೆ.

ನಿಮ್ಮ ಮೊದಲ ಪ್ರಶ್ನೆ ಹೆಜ್ಜೆ ಹೆಜ್ಜೆಗೂ ಹಿಂಬಾಲಿಸಿತು. ಕಾರ್ಖಾನೆಯ ಗೇಟಿನಲ್ಲಿ ಐಡಿ ಕಾರ್ಡು ತೋರಿಸುವಾಗ ಕೂಡ 'ನೀನು ಯಾರು' ಎಂದು ನೀವೇ ಕೇಳಿದಂತಾಯಿತು. ಎರಡನೆಯದು ಜೇಬಿನಲ್ಲೇ ಇತ್ತು, ಕುಳಿತರೆ ಚುಚ್ಚುತ್ತಿತ್ತು. ಸಭೆಯ ದಿನ ಬೆಳಿಗ್ಗೆ ನೀತಾ ಚಹಾ ತಂದಾಗ ಕೀಲಿಯನ್ನು ಬಸಿಯ ಪಕ್ಕ ಇಟ್ಟೆ.

'ಇದೇನ್ರಿ?'

'ಅಥೆನ್ಸಿನ ಖಜಾನಿ ಕೀಲಿ.'

'ಅಲ್ಲೀದು ಅಲ್ಲೇ ಇರ್ಲಿ. ಪಂಪ್ ರೂಮಿಂದು ಎಲ್ಲದ?'

'ಇದ ಅದು.'

ಆಕೆ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು, 'ಚಹಾ ಆರತದ, ಕುಡೀರಿ' ಅಂದಳು. ಅಷ್ಟೇ. ಯುದ್ಧವಿಲ್ಲದೆ ಅಧಿಕಾರ ಹಸ್ತಾಂತರ. ಚರಿತ್ರೆಯಲ್ಲಿ ಅಪರೂಪ, ನಮ್ಮ ಮನೆಯಲ್ಲಿ ಮೊದಲ ಸಲ.

ಸಭೆಗೆ ಪಾರ್ಕಿಂಗಿನಲ್ಲಿ ಮೇಜು ಹಾಕಿದ್ದರು. ಮಧುಕರ್ ನೀತಾಳ ಖುರ್ಚಿಯ ಪಕ್ಕ ಇನ್ನೊಂದು ಖುರ್ಚಿ ತಂದಿಟ್ಟು, ಅದನ್ನು ತಮ್ಮ ಕರವಸ್ತ್ರದಿಂದಲೇ ಒರೆಸಿ, 'ಬಸಾ ಸಾಹೇಬ' ಎಂದು ನನ್ನನ್ನು ಕೂರಲು ಕರೆದರು. ತೋಳಿಗೆ ಕೈ ಹಾಕಿ ಎಳೆದೇಬಿಟ್ಟರು. ನಾನು ಖುರ್ಚಿಯ ತನಕ ಹೋಗಿದ್ದೆ ಮೇಡಂ. ಹಿಡಿಕೆಯ ಮೇಲೆ ಕೈ ಕೂಡ ಇಟ್ಟಿದ್ದೆ. ನೀತಾ ನನ್ನ ಕಡೆ ನೋಡಲಿಲ್ಲ. ಕಾಗದ ಹೊಂದಿಸುತ್ತ, 'ಆ ಖುರ್ಚಿ ಮ್ಯಾಲ ಗಡಿಗಿ ಇಡೂದದ. ನೀವ ಇಡ್ರಿ' ಅಂದಳು.

ಇಟ್ಟೆ. ಅದೇ ಚೀಟಿಯ ಗಡಿಗೆ. ಆಕೆ ಅದರ ಬುಡದ ಹತ್ತಿರ ತೂತು ಹಾಕಿಸಿದ್ದಳು. ಕೆಳಗೆ ಬಕೆಟ್ಟು. ತೂತಿಗೆ ಬೆರಳು ಒತ್ತಿ ಹಿಡಿಯುವ ಕೆಲಸ ನನಗೆ. ಯಾರಾದರೂ ಮಾತು ಶುರುಮಾಡಿದರೆ ಬೆರಳು ತೆಗೆಯಬೇಕು, ಮುಗಿದರೆ ಒತ್ತಬೇಕು. ಹೀಗೆ ನನ್ನ ಬೆರಳ ತುದಿಯಲ್ಲಿ ಪುಷ್ಪಾಂಗಣದ ವಾಕ್ ಸ್ವಾತಂತ್ರ್ಯ ನಿಂತಿತು. ಬೆರಳು ಜೋಮು ಹಿಡಿಯಿತು.

ಮೊದಲು ನಿಮ್ಮ ಪ್ರಶ್ನೆಗಳನ್ನು ಪ್ರೇಮಕುಮಾರ ಓದಿದ. ತಂದೆತಾಯಿಯನ್ನು ನೋಡಿಕೊಂಡಿದ್ದೀರಾ ಎಂದದ್ದಕ್ಕೆ ನೀತಾ, 'ಅತ್ತೆಯನ್ನೂ' ಎಂದು ಸೇರಿಸಿದಳು. ಹೆಂಗಸರ ಕಡೆಯಿಂದ ಚಪ್ಪಾಳೆ. ದೂರು ಯಾರಿಗಾದರೂ ಇದೆಯೇ ಎಂದಾಗ ಎಲ್ಲರೂ ನನ್ನ ಕಡೆ ನೋಡಿದರು. ಇಲ್ಲ ಎಂದು ತಲೆಯಾಡಿಸಿದೆ.

ನಂತರ ಮಧುಕರ್ ಎದ್ದು ಠರಾವು ಮಂಡಿಸಿದರು. ಮಾಲೀಕರಲ್ಲದವರಿಗೆ ಟ್ಯಾಂಕರಿನ ನೀರು ಉಳಿದರೆ ಮಾತ್ರ. ಅವರ ಮಾತು ಅವರ ಅಂಗಡಿಯ ಟೈಲ್ಸಿನ ಹಾಗೆ, ನುಣುಪು, ಜಾರುತ್ತದೆ. ನೀರು ಮುಗಿಯುವ ಮೊದಲೇ 'ಪಾಸ್, ಪಾಸ್' ಎಂದು ಕೂಗು ಬಂತು. ಹಿಂದೆ ಕಂಬಕ್ಕೆ ಒರಗಿ ಇಂಪನಾ ನಿಂತಿದ್ದಳು, ಕಾರ್ಖಾನೆಯ ಸಮವಸ್ತ್ರದಲ್ಲೇ, ಕೈಯಲ್ಲಿ ಖಾಲಿ ಕ್ಯಾನು.

ನೀತಾ, 'ಇದನ್ನ ನಾನು ಮತಕ್ಕೆ ಹಾಕೂದಿಲ್ಲ. ಬೈಲಾದಾಗ ಇಲ್ಲ' ಎಂದಳು. ಮರಾಠಿಯಲ್ಲಿ ಅಂದದ್ದು, ನನಗೆ ಆಕೆಯ ಮಾತು ನಮ್ಮ ಕನ್ನಡದಲ್ಲೇ ಕೇಳಿಸುತ್ತದೆ.

ಗದ್ದಲವೆದ್ದಿತು. ಮೇಡಂ, ಆ ಗದ್ದಲದಲ್ಲಿ ನನಗೆ ಆ ಒಂದು ದಿನದ ಖುರ್ಚಿ ಕಂಡಿತು. ಕಥೆ ಓದುವಾಗ ಗುರು ಬಂಡೆಯಂತೆ ಕೂತಿದ್ದನೆಂದುಕೊಂಡಿದ್ದೆ. ಹಾಗಲ್ಲ. ನೀತಾಳ ಕೈಯಲ್ಲಿದ್ದ ಕಾಗದ ನಡುಗುತ್ತಿತ್ತು. ನಡುಗುತ್ತಲೇ ಕೂತಿದ್ದಳು. ಅವನೂ ನಡುಗಿರಬೇಕು, ಬರೆದವರು ಬಿಟ್ಟಿರಬೇಕು.

ಮಧುಕರ್ ನನ್ನ ಕಡೆ ತಿರುಗಿ, 'ಅಹೋ ಸಿದ್ದುಭಾವು, ನಮ್ಮ ನಿಮ್ಮ ಮಾತಾಗಿತ್ತಲ್ಲ! ನೀವಾದರೂ ಹೇಳಿ ವಹಿನಿಗೆ' ಅಂದರು. ಅತ್ತಿಗೆಗೆ ಹೇಳಿ ಅಂತ. ಮಾತು ಆಗಿತ್ತು, ನಿಜ. ನನ್ನ ಒಂದು 'ಹೂಂ' ಸಾಕಾಗಿತ್ತು, ಆಕೆಯ ಮಾತು ಅಲ್ಲಿಗೆ ಮುಗಿಯುತ್ತಿತ್ತು, ಮನೆಯಲ್ಲೂ ಮುಗಿಯುತ್ತಿತ್ತು.

'ಮಾತಾಗಿತ್ತು. ಆದರ ಆ ಮಾತು ಕೊಡಾಕ ನಾ ಯಾರು? ಚೇರ್ಮನ್ ಅವರನ್ನ ಕೇಳ್ರಿ' ಅಂದೆ.

ಆಗ ನೀತಾ ಎದ್ದು ನಿಂತಳು. 'ಸರಿ. ಮಾಲೀಕರಲ್ಲದವರಿಗೆ ನೀರಿಲ್ಲ. ಅಂದ್ರ ಯಾರ‍್ಯಾರಿಗೆ ಇಲ್ಲ, ಪ್ರೇಮಕುಮಾರ, ರಿಜಿಸ್ಟರ್ ನೋಡಿ ಓದ್ರಿ' ಅಂದಳು. ಪ್ರೇಮಕುಮಾರ ರಿಜಿಸ್ಟರ್ ತೆರೆದ. ಎ-101, ಮಾಲೀಕರು ಹೆಂಡತಿ, ಗಂಡನ ಹೆಸರಿಲ್ಲ. ಎ-102, ಹಾಗೇ. ಎ-103, ಮಧುಕರ್ ಅವರ ಮನೆ, ಹಾಗೇ. ಬಿ ವಿಂಗಿಗೆ ಬರುವಷ್ಟರಲ್ಲಿ ಮುಂದಿನ ಸಾಲಿನ ಗಂಡಸರು ಚಪ್ಪಲಿ ನೋಡಿಕೊಳ್ಳತೊಡಗಿದರು.

'ಈ ಠರಾವು ಪಾಸಾದರ ಇವತ್ತಿಂದ ಎಷ್ಟು ಮಂದಿ ಗಂಡಸರಿಗೆ ಸ್ನಾನ ಇಲ್ಲ, ನೀವ ಎಣಿಸ್ರಿ. ಇಂಪನಾ ಕ್ಯಾನ್ ತರತಾಳ. ನೀವು ಎಲ್ಲಿಂದ ತರತೀರಿ?'

ಮೊದಲು ನಕ್ಕವರು ಮಧುಕರ್ ಅವರ ಹೆಂಡತಿ. ಆಮೇಲೆ ನಗು ನಿಲ್ಲಲಿಲ್ಲ. ಆ ಸದ್ದಿನಲ್ಲಿ ನಾನು ಬೆರಳು ಮರೆತು ಗಡಿಗೆಯ ನೀರೆಲ್ಲ ಬಕೆಟ್ಟಿಗೆ ಹೋಯಿತು. ಮಧುಕರ್ ಠರಾವು ಹಿಂದಕ್ಕೆ ತೆಗೆದುಕೊಂಡರು. ನಗುತ್ತಲೇ ತೆಗೆದುಕೊಂಡರು, ಅದನ್ನೂ ಬರೆಯಬೇಕು, ಮನುಷ್ಯ ಕೆಟ್ಟವರಲ್ಲ. ಟ್ಯಾಂಕರ್ ಬಂದ ದಿನ ಎಲ್ಲ ಮಹಡಿಗೂ ಸಮ, ಮೇಲಿನವರಿಗೆ ಸಂಜೆ ಅರ್ಧ ಗಂಟೆ ಎಂದು ಸಭೆ ಠರಾಯಿಸಿತು. ಬಕೆಟ್ಟಿನ ನೀರನ್ನು ಇಂಪನಾ ತನ್ನ ಕ್ಯಾನಿಗೆ ಬಗ್ಗಿಸಿಕೊಂಡಳು. 'ಆಂಟಿ, ನೀವು ಸೂಪರ್' ಎಂದು ಹೇಳಿ, ನನ್ನನ್ನು ನೋಡಿ, ಸ್ವಲ್ಪ ಯೋಚಿಸಿ, 'ಅಂಕಲ್, ನೀವೂ ಓಕೆ' ಎಂದಳು. ಈ ವರ್ಷ ನನಗೆ ಸಿಕ್ಕ ಅಂಕಗಳಲ್ಲಿ ಇದೇ ಹೆಚ್ಚಿನದು.

ಕೊನೆಗೆ ವಂದನಾರ್ಪಣೆಗೆ ನನ್ನನ್ನು ಕರೆದರು. ಪ್ರಾಸಬದ್ಧವಾಗಿ ಬರೆದು ತಂದಿದ್ದೆ. ಗಡಿಗೆಗೆ ಹೊಸ ನೀರು ತುಂಬಿ ನೀತಾಳೇ ಬೆರಳು ತೆಗೆದಳು. ಅಜ್ಜಿಗೆ ಒಂದು ಪ್ರಾಸ, ಗಡಿಗೆಗೆ ಎರಡು, ಅಥೆನ್ಸಿಗೆ ನಾಲ್ಕು. ಚೇರ್ಮನ್ ಅವರ ಹೆಸರಿಗೆ ಬರುವಷ್ಟರಲ್ಲಿ 'ನೀರು ಮುಗೀತ್ರಿ' ಅಂದಳು. ಕೂತೆ. ಪ್ರಾಸಕ್ಕೆ ಖರ್ಚು ಮಾಡಿದ ನೀರು ಮಾತಿಗೆ ಉಳಿಯಲಿಲ್ಲ.

ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತೇನೆ. ಆ ಖುರ್ಚಿ ನನಗೆ ಬೇಕಾಗಿತ್ತು ಮೇಡಂ. ಗಡಿಗೆಗೆ ಬಿಟ್ಟ ದಿನವೂ ಬೇಕಾಗಿತ್ತು. ಈಗ ಎದುರಿಗೆ ನಿಂತು ನೋಡಿದ್ದೇನೆ. ನೀತಾ ನನಗಿಂತ ಚೆನ್ನಾಗಿ ಆಳುತ್ತಾಳೆ. ಆಳಿಸಿಕೊಳ್ಳುವುದು ನನಗೆ ಈಗೀಗ ಸ್ವಲ್ಪ ಬರುತ್ತಿದೆ.

ಇದಕ್ಕೆ ಪ್ರಾಸ ಸಿಗಲಿಲ್ಲ. ಹುಡುಕಲೂ ಇಲ್ಲ.

ನಿಮ್ಮ
ಸಿದ್ದಾರೂಢ
(ಬಿ-204, ಮಾಲೀಕರು: ನೀತಾ)